ನೂರಕ್ಕೆ ಮೂರು

ಎರಡು ದೇಶಗಳು ತಮ್ಮ ಜಗಳವನ್ನು ಯಂತ್ರಗಳ ಕೈಗೆ ಒಪ್ಪಿಸಿ ಆಗಲೇ ಒಂಬತ್ತು ವರ್ಷವಾಗಿತ್ತು.

ಅದಕ್ಕೂ ಹಿಂದಿನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಈಚೆಯವರು ಖರ್ಜೂರದ ಮೇಲೆ ಸುಂಕ ಏರಿಸಿದರೆ ಆಚೆಯವರು ಈರುಳ್ಳಿ ಲಾರಿಗಳನ್ನು ಗಡಿಯಲ್ಲೇ ಕೊಳೆಯಲು ಬಿಡುತ್ತಿದ್ದರು. ಆಚೆಯವರು ವಿಮಾನಗಳಿಗೆ ಆಕಾಶ ಮುಚ್ಚಿದರೆ ಈಚೆಯವರು ರೈಲು ನಿಲ್ಲಿಸುತ್ತಿದ್ದರು. ಪ್ರತಿ ಸಲವೂ ಕೊಟ್ಟ ಪೆಟ್ಟಿಗಿಂತ ತಿರುಗಿ ಬಂದ ಪೆಟ್ಟು ದೊಡ್ಡದು. ಅದರಲ್ಲಿ ಸಿಟ್ಟು ಸೇರಿರುತ್ತಿತ್ತು, ಚುನಾವಣೆ ಸೇರಿರುತ್ತಿತ್ತು, ಟೀವಿಯವರ ಕೂಗಾಟ ಸೇರಿರುತ್ತಿತ್ತು. ಎರಡೂ ಕಡೆಯ ಗಿರಣಿಗಳು, ಬಂದರುಗಳು ಸೊರಗಿದವು. ಒಂದು ಚಳಿಗಾಲದಲ್ಲಂತೂ ಯುದ್ಧ ಹೊಸ್ತಿಲವರೆಗೆ ಬಂದು ಹೋಯಿತು. ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಇನ್ನು ಮೇಲೆ ಏಟಿಗೆ ತಕ್ಕ ಏಟು, ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಳೆಯುವುದು ಯಂತ್ರ, ಆರು ದಿನದೊಳಗೆ ಉತ್ತರ ಕೊಡುವುದೂ ಯಂತ್ರ. ನಡುವೆ ಮನುಷ್ಯರು ಕೈ ಹಾಕುವಂತಿಲ್ಲ.

ಆಚೆಯವರ ಯಂತ್ರದ ಹೆಸರು ಮೀಜಾನ್. ನಮ್ಮದಕ್ಕೆ ಸರಕಾರ ಏನೋ ಉದ್ದನೆಯ ಹೆಸರಿಟ್ಟಿತ್ತು, ಜನ ತಕ್ಕಡಿ ಎಂದರು. ಮೀಜಾನ್ ಎಂದರೂ ತಕ್ಕಡಿಯೇ.

ತಕ್ಕಡಿಯನ್ನು ಇಟ್ಟದ್ದು ಬೀದರಿನ ಹೊರಗೆ, ಕೆಂಪುಕಲ್ಲು ಕೊರೆದು ಮಾಡಿದ ನೆಲಮಾಳಿಗೆಯಲ್ಲಿ. ಅಲ್ಲಿ ತೂಕದ ಪಟ್ಟಿಯ ಮುಖ್ಯಸ್ಥೆ ಮಹಾನಂದಾ ಬಿರಾದಾರ. ಭಾಲ್ಕಿ ಕಡೆಯವಳು, ನಲವತ್ತೊಂಬತ್ತರ ವಯಸ್ಸು, ಮದುವೆಯಾಗಿರಲಿಲ್ಲ. ಅವಳ ಪಟ್ಟಿಯಲ್ಲಿ ಹನ್ನೊಂದು ಸಾವಿರ ಸಾಲುಗಳಿದ್ದವು. ಒಂದೊಂದು ಸಾಲೂ ಆಚೆ ದೇಶಕ್ಕೆ ನೋವು ಕೊಡುವ ಒಂದೊಂದು ದಾರಿ: ಹತ್ತಿ, ಉಪ್ಪು, ಔಷಧದ ಕಚ್ಚಾವಸ್ತು, ವಿಮಾನದಾರಿ, ಯಾತ್ರಿಕರು, ವೀಸಾ. ಪ್ರತಿ ಸಾಲಿನ ಮುಂದೆ ಎರಡು ಅಂಕಿ. ಅದನ್ನು ಬಳಸಿದರೆ ಅವರಿಗೆಷ್ಟು ನೋವು, ನಮಗೆಷ್ಟು ನೋವು. ಅವರಿಗೆ ಆಗಬೇಕಾದಷ್ಟು ಆಗಿ ನಮಗೆ ಆದಷ್ಟು ಕಡಿಮೆ ಆಗುವ ಸಾಲುಗಳನ್ನು ತಕ್ಕಡಿ ತಾನೇ ಆರಿಸುತ್ತಿತ್ತು.

ಮೊದಲ ನಾಲ್ಕು ವರ್ಷ ಎಲ್ಲ ಚೆನ್ನಾಗಿತ್ತು. ಕೊಟ್ಟಷ್ಟೇ ವಾಪಸು ಬರುತ್ತದೆ ಎಂದು ಗೊತ್ತಾದ ಮೇಲೆ ಕೊಡುವವರ ಉತ್ಸಾಹ ಇಳಿಯಿತು. ಹತ್ತಿ ಬಂತು, ರೈಲು ಓಡಿತು. ಮಂತ್ರಿಗಳಿಗೂ ಹಾಯೆನಿಸಿತು. ಯಾರಾದರೂ ಕೇಳಿದರೆ, "ಅದು ಯಂತ್ರದ ತೀರ್ಮಾನ, ನಾನೇನು ಮಾಡಲಿ?" ಎಂದು ಕೈ ಚೆಲ್ಲಿದರಾಯಿತು.

ಐದನೆಯ ವರ್ಷ ಮಹಾನಂದಾ ಒಂದು ದಿನ ಸಣ್ಣದೊಂದು ಯಂತ್ರ ಹಿಡಿದು ನಿರ್ದೇಶಕ ತಿರುಮಲಾಚಾರ್ ಅವರ ಕೋಣೆಗೆ ಹೋದಳು. ಅದಕ್ಕೆ ಎರಡು ಬದಿಯಲ್ಲಿ ಎರಡು ಗುಂಡಿ. ಒಬ್ಬರು ಒತ್ತಿದರೆ ಅಷ್ಟೇ ಭಾರ ಇನ್ನೊಬ್ಬರ ಬೆರಳಿನ ಮೇಲೆ ಬೀಳುತ್ತಿತ್ತು.

"ಸರ್, ಸ್ವಲ್ಪ ಬೆರಳು ಇಡ್ರಿ. ನಾ ಎಷ್ಟು ಒತ್ತತೀನೋ ನೀವೂ ಅಷ್ಟೇ ಒತ್ತಬೇಕು. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ತಿರುಮಲಾಚಾರ್ ಮೈಸೂರಿನವರು, ನಗುಮುಖದ ಮನುಷ್ಯ. ಆಟವೆಂದುಕೊಂಡು ಕೈ ಕೊಟ್ಟರು. ಅವಳು ಒತ್ತಿದಳು, ಅವರು ಒತ್ತಿದರು. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಅವರ ಉಗುರು ಬೆಳ್ಳಗಾಗಿತ್ತು. ಕೈ ಕೊಡವಿಕೊಂಡು, "ನಾನು ಅಷ್ಟೇ ಒತ್ತಿದೆ ಮೇಡಂ. ನೀವೇ ಜಾಸ್ತಿ ಮಾಡ್ತಾ ಹೋದ್ರಿ" ಎಂದರು.

"ನಾನೂ ಅಷ್ಟೇ ಒತ್ತೀನ್ರಿ ಸರ್. ನೋಡ್ರಿ ಇಲ್ಲಿ." ಎರಡರಿಂದ ಶುರುವಾದ ಅಂಕಿ ಹತ್ತೊಂಬತ್ತಕ್ಕೆ ಬಂದು ನಿಂತಿತ್ತು. "ನಮಗ ಬಿದ್ದ ಏಟು ಪೂರಾ ಗೊತ್ತಾಗತದ. ನಾವು ಕೊಟ್ಟದ್ದು ಅಷ್ಟು ಗೊತ್ತಾಗಲ್ಲ. ತಕ್ಕಡಿಗೂ ಹಂಗೇ ಆಗ್ಲತದ. ನಮ್ಮ ಕಡಿ ಒಂದು ಅಂಗಡಿ ಮುಚ್ಚಿದ್ರ ವರದಿ ಬರತದ, ಅಂಗಡಿಯವನ ಮಗಳ ಲಗ್ನ ನಿಂತದ್ದೂ ಬರತದ. ಅವರ ಕಡಿ ಮುಚ್ಚಿದ್ದು ಬರೇ ಅಂದಾಜು. ಮೀಜಾನ್‌ಗೂ ಇದೇ ಕತಿ. ನೂರಕ್ಕ ಮೂರರಷ್ಟು ಫರಕು. ಒಂದು ಸಲಕ್ಕ ಏನೂ ಅಲ್ಲ. ಆದ್ರ ಪ್ರತಿ ಸಲ ಮೂರು, ಅದರ ಮ್ಯಾಲ ಮತ್ತ ಮೂರು."

ತಿರುಮಲಾಚಾರ್ ನಗಲಿಲ್ಲ. ವರದಿಯನ್ನು ದೆಹಲಿಗೆ ತಾವೇ ಒಯ್ದರು. ಎರಡು ವಾರದ ಮೇಲೆ ಬಂದು, ಅವಳ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಮಂತ್ರಿಗಳಿಗೆ ಅರ್ಥ ಆಯ್ತು. ಚೆನ್ನಾಗೇ ಅರ್ಥ ಆಯ್ತು. ಆದ್ರೆ ಒಂದೇ ಮಾತು ಕೇಳಿದ್ರು: ನಮ್ಮ ಜನಕ್ಕೆ ಆದ ನೋವನ್ನ ನೂರಕ್ಕೆ ಮೂರು ಕಮ್ಮಿ ಅಂತ ಹಿಡೀರಿ ಅಂತ ಸಂಸತ್ತಿನಲ್ಲಿ ಎದ್ದು ನಿಂತು ಹೇಳೋರು ಯಾರು?"

ಆಚೆ ಕಡೆ ಮೀಜಾನಿನ ಪಟ್ಟಿ ನೋಡುತ್ತಿದ್ದವಳು ಡಾ. ಶಹನಾಜ್ ಸೂಮ್ರೋ. ತಿಂಗಳಿಗೊಮ್ಮೆ ಇಬ್ಬರೂ ಫೋನಿನಲ್ಲಿ ಅಂಕಿಗಳನ್ನು ತಾಳೆ ನೋಡಬೇಕೆಂದು ಒಪ್ಪಂದದಲ್ಲಿತ್ತು. ಅಂಕಿ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಮೂರನೆಯ ದೇಶದವನೊಬ್ಬ ನಡುವೆ ಕಿವಿಗೊಟ್ಟು ಕೂತಿರುತ್ತಿದ್ದ. ಆ ತಿಂಗಳು ಮಹಾನಂದಾ, "ಮೂರು?" ಎಂದಷ್ಟೇ ಕೇಳಿದಳು. ಆಚೆಯಿಂದ, "ಮೂರು. ನಮ್ಮವರೂ ಒಪ್ಪಲಿಲ್ಲ" ಎಂದು ಉತ್ತರ ಬಂತು.

ಮಹಾನಂದಾಳ ಮನೆ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆ ಇಲಿಯಾಸನದು. ಅವನು ಬಿದರಿ ಕೆಲಸದವನು, ಕರಿಯ ಹೂಜಿಗಳ ಮೇಲೆ ಬೆಳ್ಳಿಯ ಎಳೆ ಕೂರಿಸುವವನು. ಅವನ ಹೆಂಡತಿ ನುಸ್ರತ್ ಕರಾಚಿಯವಳು. ಅವಳ ಮುತ್ತಾತ ಇದೇ ಬೀದರಿನಿಂದ ಹೋದವನು. ತಕ್ಕಡಿ ಬರುವ ಎರಡು ವರ್ಷ ಮೊದಲು, ಗಡಿ ಸ್ವಲ್ಪ ಸಡಿಲವಾಗಿದ್ದಾಗ, ಈ ಎರಡು ಮನೆಗಳ ನಡುವೆ ಸಾಟಿ ಲಗ್ನವಾಗಿತ್ತು: ನುಸ್ರತ್ ಇಲಿಯಾಸನಿಗೆ, ಇಲಿಯಾಸನ ತಂಗಿ ರಾಬಿಯಾ ನುಸ್ರತಳ ಅಣ್ಣನಿಗೆ. ಒಂದೇ ತಿಂಗಳಲ್ಲಿ ಒಬ್ಬಳು ಈಚೆ ಬಂದಳು, ಒಬ್ಬಳು ಆಚೆ ಹೋದಳು. ರಾಬಿಯಾಗೆ ಅಲ್ಲಿ ಇಬ್ಬರು ಗಂಡುಮಕ್ಕಳು. ನುಸ್ರತ್‌ಗೆ ಇಲ್ಲಿ ಅಫ್ರಾ, ಏಳು ವರ್ಷದವಳು, ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆ.

ನುಸ್ರತ್ ಹೊಲಿಗೆ ಹಾಕುತ್ತಿದ್ದಳು. ಸಂಜೆ ಕೆಲಸದಿಂದ ಬಂದ ಮಹಾನಂದಾ ಅವಳ ಅಂಗಳದಲ್ಲಿ ಕೂತು ಚಹಾ ಕುಡಿದೇ ತನ್ನ ಮನೆ ಬಾಗಿಲು ತೆಗೆಯುವುದು. ನುಸ್ರತ್ ಕನ್ನಡ ಕಲಿತದ್ದು ಅವಳಿಂದಲೇ. ಹನ್ನೊಂದು ವರ್ಷದಲ್ಲಿ ಪೌರತ್ವ ಮಾತ್ರ ಸಿಕ್ಕಿರಲಿಲ್ಲ. ಅರ್ಜಿ ಎಲ್ಲೋ ಇತ್ತು. ವೀಸಾ ವರ್ಷ ವರ್ಷ ಮುಂದೆ ಹೋಗುತ್ತಿತ್ತು.

ನೂರಕ್ಕೆ ಮೂರು ಎನ್ನುವುದು ಓಣಿಯವರೆಗೂ ಬಂತು. ಮೊದಲು ರಂಜಾನಿನಲ್ಲಿ ಖರ್ಜೂರ ಸಿಗಲಿಲ್ಲ. ಆಮೇಲೆ ಮಕ್ಕಳ ಜ್ವರದ ಔಷಧಿಗೆ ಅಂಗಡಿ ಅಂಗಡಿ ತಿರುಗಬೇಕಾಯಿತು. ಎಂಟನೆಯ ವರ್ಷ ಎರಡು ದೇಶಗಳ ನಡುವಿನ ಫೋನು, ಇಂಟರ್‌ನೆಟ್ಟು ಎಲ್ಲ ನಿಂತಿತು. ಪ್ರತಿ ಶುಕ್ರವಾರ ಮಧ್ಯಾಹ್ನ ನುಸ್ರತ್ ಮತ್ತು ರಾಬಿಯಾ ಮಾತಾಡುತ್ತಿದ್ದರು. ಆ ಹೊತ್ತಿಗೆ ಈಗ ನುಸ್ರತ್ ಸುಮ್ಮನೆ ಬಾಗಿಲಲ್ಲಿ ಕೂರುತ್ತಿದ್ದಳು.

ಒಂಬತ್ತನೆಯ ವರ್ಷದ ಆಷಾಢದ ಒಂದು ಸೋಮವಾರ ಬೆಳಿಗ್ಗೆ ಮಹಾನಂದಾ ನಿಯಂತ್ರಣ ಕೊಠಡಿಗೆ ಬಂದಾಗ ಪರದೆಯ ಮೇಲೆ ತಕ್ಕಡಿ ಆ ವಾರದ ಉತ್ತರವನ್ನು ಆರಿಸಿಟ್ಟಿತ್ತು. ಮೂರು ಸಾಲು. ಕಲ್ಲುಪ್ಪು. ಒಂದು ವಿಮಾನದಾರಿ. ಮೂರನೆಯದು, ಸಾಲು 4417.

ಅದೇನೆಂದು ಅವಳು ಓದಬೇಕಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಅದಕ್ಕೆ ತೂಕ ಬರೆದವಳು ಅವಳೇ. ದೀರ್ಘಾವಧಿ ವೀಸಾದ ಮೇಲೆ ಇಲ್ಲಿರುವ ಆಚೆ ದೇಶದ ಹೆಂಡತಿಯರು, ಗಂಡಂದಿರು: ವ್ಯಾಪಾರವಿಲ್ಲ, ಮತವಿಲ್ಲ, ಸಂಖ್ಯೆ ಕಡಿಮೆ. ಅವರನ್ನು ಕಳಿಸಿದರೆ ನಮಗಾಗುವ ನೋವು, ಸೊನ್ನೆ ಪಾಯಿಂಟ್ ಆರು. ಬರೆಯಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಆಗ ನುಸ್ರತ್ ಪಕ್ಕದ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವಳ ನೆನಪೂ ಬಂದಿರಲಿಲ್ಲ.

ಈಗ ಆ ಸಾಲಿನಲ್ಲಿ ಸಾವಿರದ ಮುನ್ನೂರ ಹನ್ನೆರಡು ಜನ ಇದ್ದರು. ಭಾನುವಾರ ಬೆಳಿಗ್ಗೆ ಅವರೆಲ್ಲ ಗಡಿಯ ಕಡೆಗೆ ಹೊರಡಬೇಕು.

ಅವಳು ತಿರುಮಲಾಚಾರ್ ಬಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪಕ್ಕದ ಮನೆಯವಳೆಂದೂ ಹೇಳಿದಳು. ಅವರು ಬಾಗಿಲು ಮುಂದೆ ಮಾಡಿದರು.

"ತೂಕ ಬದಲಿಸೋ ಶಿಫಾರಸು ಮಾಡೋ ಅಧಿಕಾರ ನಿಮಗಿದೆ. ಮೊದಲು ಪರೀಕ್ಷೆಗೆ ಅಂತ ತಕ್ಕಡಿಯಲ್ಲಿ ಹಾಕಿ ನೋಡಿ. ಸರಿ ಬಂದ್ರೆ ನಾನು ಮುಂದಕ್ಕೆ ಕಳಿಸ್ತೀನಿ."

ಅವಳು 4417ರ ತೂಕವನ್ನು ಐದಕ್ಕೆ ಏರಿಸಿದಳು. ತಕ್ಕಡಿ ಆ ಸಾಲನ್ನು ಬಿಟ್ಟಿತು. ಅದರ ಬದಲು ಹೃದಯದ ಆಪರೇಶನ್ನಿಗೆ ಇಲ್ಲಿಗೆ ಬರಬೇಕಿದ್ದ ಆಚೆ ಕಡೆಯ ಇನ್ನೂರ ನಲವತ್ತು ಮಕ್ಕಳ ವೀಸಾ ಆರಿಸಿತು. ಅದನ್ನೂ ಏರಿಸಿದಳು. ಮೂತ್ರಪಿಂಡದ ರೋಗಿಗಳಿಗೆ ಬೇಕಾದ ಡಯಾಲಿಸಿಸ್ ಶೋಧಕಗಳು ಬಂದವು. ಅದನ್ನು ಏರಿಸಿದಳು. ಅಣೆಕಟ್ಟಿನ ಬಾಗಿಲು ತೆರೆಯುವ ಮುನ್ನ ಕೆಳಗಿನ ಊರುಗಳಿಗೆ ಕೊಡುವ ಮುನ್ಸೂಚನೆ ಬಂತು. ಏಳು ಸಲ ನೋಡಿದಳು. ಏಳು ಸಲವೂ ನುಸ್ರತ್ ಉಳಿದಳು, ಏಳು ಸಲವೂ ಬೇರೆ ಯಾರೋ ಹೋದರು.

"ಯಾವುದಕ್ಕೆ ಸಹಿ ಹಾಕ್ತೀರಿ ಹೇಳಿ" ಎಂದರು ತಿರುಮಲಾಚಾರ್. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ.

ಆ ಇನ್ನೂರ ನಲವತ್ತು ಮಕ್ಕಳಲ್ಲಿ ಒಬ್ಬರ ಮುಖವೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಸಹಿ ಎಷ್ಟು ಸಲೀಸು ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಹೆದರಿಕೆಯಾಯಿತು. ಲೇಖನಿಯನ್ನು ಮೇಜಿನ ಮೇಲಿಟ್ಟು ಎದ್ದು ಬಂದಳು.

ಬುಧವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಳು. ತಕ್ಕಡಿ ಆರಿಸಿದ್ದನ್ನು ಪ್ರಕಟಣೆಗೆ ಮೊದಲೇ ಹೊರಗೆ ಹೇಳಿದರೆ ಜೈಲು. ನುಸ್ರತ್ ಯಾರದೋ ಲಗ್ನದ ಜಂಪರು ಹೊಲಿಯುತ್ತಿದ್ದಳು.

"ನುಸ್ರತ್, ಮಶೀನ್ ನಿಲ್ಸು."

ಕಾಲು ನಿಂತಿತು. ಮಹಾನಂದಾ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು.

"ಯಾವಾಗ್ರಿ?"

"ಐತಾರ ಮುಂಜಾನಿ."

"ಅಫ್ರಾ?"

"ಅಫ್ರಾ ಇಲ್ಲಿ ಹುಟ್ಟಿದಾಕಿ. ಅಕಿನ್ನ ಆಚೆಯವ್ರು ಒಳಗ ಬಿಡಲ್ಲ."

ನುಸ್ರತ್ ಜಂಪರಿನ ಅಂಚನ್ನು ಬೆರಳಲ್ಲಿ ಮಡಿಚುತ್ತ, ಬಿಚ್ಚುತ್ತ ಕೂತಳು. "ನೀವು ಅಲ್ಲೇ ದೊಡ್ಡ ಕೆಲಸದಾಗ ಇದ್ದೀರಲ್ಲ ಅಕ್ಕಾ. ಯಾರಿಗಾದ್ರೂ ಒಂದು ಮಾತು ಹೇಳಾಕ ಬರಲ್ಲೇನ್ರಿ?"

"ಹೇಳ್ಬೇಕಂದ್ರ ಅಲ್ಲಿ ಕೇಳಾವ್ರು ಯಾರೂ ಇಲ್ಲವ್ವ. ಬರೇ ಮಶೀನ್ ಅದ." ಮಹಾನಂದಾ ಅವಳ ಎದುರು ನೆಲದ ಮೇಲೆ ಕೂತಳು. "ನಿನ್ನ ಸಾಲಿನ ಮುಂದ ಅಂಕಿ ಬರ್ದಾಕಿ ನಾನೇ."

"ಎಷ್ಟು ಬರ್ದಿದ್ರಿ?"

"ಸೊನ್ನೆ ಪಾಯಿಂಟ್ ಆರು."

"ಉಪ್ಪಿಗಿ?"

ಮಹಾನಂದಾ ಸುಳ್ಳು ಹೇಳಬಹುದಿತ್ತು. "ಎರಡು" ಎಂದಳು.

ನುಸ್ರತ್ ತಲೆ ತಗ್ಗಿಸಿ ಮತ್ತೆ ಮಶೀನು ತುಳಿದಳು. ಹೊಲಿಗೆ ತೋಳಿನ ತುದಿಯವರೆಗೆ ಹೋಯಿತು. ದಾರ ಕತ್ತರಿಸಿದ ಮೇಲೆ ತಲೆ ಎತ್ತಿದಳು. ಬೈಯುತ್ತಾಳೆಂದು ಮಹಾನಂದಾ ಕಾದಿದ್ದಳು.

"ಆರು ದಿನದ ಮ್ಯಾಲ ಅವ್ರೂ ಕಳಿಸ್ತಾರ ಅಲ್ಲೇನ್ರಿ? ರಾಬಿಯಾ ಆಪಾನ್ನ?"

"ಕಳಿಸ್ತಾರ. ಅವ್ರ ಪಟ್ಟಿದಾಗೂ ಇದಕ್ಕಿಂತ ಅಗ್ಗದ ಸಾಲಿಲ್ಲ."

"ಹಂಗಾದ್ರ ಅಕಿಗಿ ಮೊದ್ಲೇ ತಿಳೀಬೇಕು ಅಕ್ಕಾ. ಅಕಿ ಮಕ್ಕಳು ನನ್ನ ಕೈಗೆ ಬರ್ತಾವ. ದೊಡ್ಡಾವ ಏನು ಉಣ್ತಾನ, ಸಣ್ಣಾವ ಎದಕ ಅಂಜ್ತಾನ, ನನಗೇನು ಗೊತ್ತು? ಅಕಿ ಬರ್ದು ಇಟ್ಟು ಬರ್ಲಿ. ನಾ ಅಫ್ರಾಂದು ಬರ್ದಿಡ್ತೀನಿ."

ಮರುದಿನ ತಿಂಗಳ ಫೋನಿನ ದಿನ. ಎರಡು ದೇಶಗಳ ನಡುವೆ ಒಪ್ಪಂದದ ಆ ಒಂದು ಲೈನು ಮಾತ್ರ ಉಳಿದಿತ್ತು. ಮಹಾನಂದಾ ಮತ್ತು ಶಹನಾಜ್ ಎಂದಿನಂತೆ ಅಂಕಿಗಳನ್ನು ಓದಿದರು. ಕೊನೆಯ ಅಂಕಿಯ ಮೇಲೆ ಮಹಾನಂದಾ ಫೋನು ಇಡಲಿಲ್ಲ. ಉರ್ದುವಿನಲ್ಲಿ, ಉಸಿರು ತೆಗೆದುಕೊಳ್ಳದೆ ಹೇಳಿದಳು: ರಾಬಿಯಾ ಎಂಬವಳು, ಕರಾಚಿಯ ಈ ಮೊಹಲ್ಲಾ, ಈ ಮನೆ. ಅವಳಿಗೆ ಒಂಬತ್ತು ದಿನವಿದೆ. ಮಕ್ಕಳ ವಿಚಾರವೆಲ್ಲ ಒಂದು ವಹಿಯಲ್ಲಿ ಬರೆದಿಡಲು ಹೇಳು. ಅವಳ ನಾದಿನಿ ಬರುತ್ತಿದ್ದಾಳೆ. ಹೇಳಿ ಮುಗಿಯಿತೋ ಇಲ್ಲವೋ, ಲೈನು ಸತ್ತಿತು. ಆಚೆಯವಳು ಎಲ್ಲಿಯವರೆಗೆ ಕೇಳಿಸಿಕೊಂಡಳು ಎನ್ನುವುದು ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಪೊಲೀಸ್ ಮೈದಾನದಿಂದ ಬಸ್ಸು ಹೊರಟಿತು. ಬೀದರಿನವರು ಒಟ್ಟು ಒಂಬತ್ತು ಜನ. ಕೂಗಾಟವಿರಲಿಲ್ಲ, ಪೊಲೀಸರೂ ಮೆತ್ತಗೆ ಮಾತಾಡುತ್ತಿದ್ದರು. ಒಬ್ಬ ಹವಾಲ್ದಾರ ತಾನೇ ಸೂಟ್‌ಕೇಸು ಎತ್ತಿ ಮೇಲಿಟ್ಟ. ಇಲಿಯಾಸ್ ಒಬ್ಬೊಬ್ಬ ಅಧಿಕಾರಿಯ ಬಳಿಗೂ ಹೋಗಿ, "ಸಾಹೇಬ್ರೇ, ಯಾರಿಗಿ ಅರ್ಜಿ ಕೊಡ್ಬೇಕ್ರಿ?" ಎಂದು ಕೇಳಿದ. ಗೊತ್ತಿಲ್ಲವೆಂದು ಅವರು ನಿಜವನ್ನೇ ಹೇಳಿದರು. ಅಮ್ಮ ತವರಿಗೆ, ನಾನಿಯ ಮನೆಗೆ ಹೋಗಿ ಬರುತ್ತಾಳೆಂದು ಅಫ್ರಾಗೆ ಹೇಳಿದ್ದರು. ಹುಡುಗಿ ಅದನ್ನು ನಂಬಿರಲಿಲ್ಲ. ಬಸ್ಸಿನ ಮೆಟ್ಟಿಲ ಬಳಿ ಅಮ್ಮನ ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು ನಿಂತಳು. ನುಸ್ರತ್ ಅದನ್ನು ಬಿಡಿಸಲಿಲ್ಲ, ದುಪಟ್ಟಾವನ್ನೇ ಕೊರಳಿಂದ ತೆಗೆದು ಮಗಳಿಗೆ ಬಿಟ್ಟು ಮೇಲೆ ಹತ್ತಿದಳು.

ಸೋಮವಾರ ಮಹಾನಂದಾಳ ಕಾರ್ಡಿಗೆ ಕೇಂದ್ರದ ಬಾಗಿಲು ತೆರೆಯಲಿಲ್ಲ. ತಿರುಮಲಾಚಾರ್ ಹೊರಗೆ ಬಂದು ಅವಳ ಊಟದ ಡಬ್ಬಿ, ಶಾಲು ಕೊಟ್ಟರು.

"ಜೈಲಾಗದ ಹಾಗೆ ನೋಡ್ಕೊಂಡಿದೀನಿ. ಅಷ್ಟೇ ನನ್ನ ಕೈಲಾಗಿದ್ದು."

"ನನ್ನ ಜಾಗಕ್ಕ ಯಾರು ಬರ್ತಾರ್ರಿ ಸರ್? ಬರೋರಿಗಿ ಆ ಮೂರರ ವಿಷಯ ಹೇಳ್ರಿ."

ಅವರು ಗೇಟಿನ ಸರಳು ಹಿಡಿದರು. "ಯಾರೂ ಬರ್ತಿಲ್ಲ ಮೇಡಂ. ಇನ್ಮೇಲೆ ಪಟ್ಟೀನೂ ಅದೇ ಬರ್ಕೊಳ್ಳುತ್ತಂತೆ. ಮನುಷ್ಯರಿಂದ ತಪ್ಪಾಗುತ್ತೆ ಅಂತ."

ಶನಿವಾರ ಮೀಜಾನ್ ಉತ್ತರ ಕೊಟ್ಟಿತು. ಆಚೆಯಿಂದ ಬಂದವರು ಸಾವಿರದ ಮುನ್ನೂರ ಐವತ್ತೊಂದು ಜನ ಎಂದು ರೇಡಿಯೋ ಹೇಳಿತು. ಮೂವತ್ತೊಂಬತ್ತು ಹೆಚ್ಚು. ಓಣಿಯಲ್ಲಿ ಅದನ್ನು ಗಮನಿಸಿದವಳು ಮಹಾನಂದಾ ಒಬ್ಬಳೇ.

ಸೋಮವಾರ ಮಧ್ಯಾಹ್ನ ರಾಬಿಯಾ ಬಂದಳು. ತವರುಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎಲ್ಲಿ ಕೂರಬೇಕೆಂದು ತಿಳಿಯದವಳಂತೆ ನಿಂತಳು. ಇಲಿಯಾಸ್ ತಂಗಿಯನ್ನು ತಬ್ಬಿ ಅತ್ತು, ಆಮೇಲೆ ಮುಖ ತೊಳೆಯಲು ಹೋದವನು ಬಚ್ಚಲಿಂದ ಹೊರಗೆ ಬರಲಿಲ್ಲ. ಮಹಾನಂದಾ ನೀರು ಕೊಟ್ಟು, ನುಸ್ರತಳ ವಹಿಯನ್ನು ಅವಳ ಕೈಗಿಟ್ಟಳು.

"ನಿಮಗ ಯಾರಾದ್ರೂ ಬಂದು ಹೇಳಿದ್ರಾ?" ಎಂದು ಕೇಳಿದಳು.

"ಒಬ್ಬ ಹೆಣ್ಮಗಳು ಬಂದಿದ್ಳ್ರಿ." ಹನ್ನೊಂದು ವರ್ಷ ಬಳಸದ ಕನ್ನಡವನ್ನು ರಾಬಿಯಾ ತಡವರಿಸಿ ತಡವರಿಸಿ ಆಡಿದಳು. "ಕಾರಿನ್ಯಾಗ ಬಂದ್ಳು, ದೊಡ್ಡ ಆಫೀಸರ್ ಕಂಡಂಗ ಇದ್ಳು. ಬರ್ದಿಡು ಅಂದ್ಳು. ಎದಕ ಅಂದ್ರ ಹೇಳಲಿಲ್ಲ. ಗೋಡಿಗಿ ಕೈ ಹಚ್ಚಿ ನಿಂತು ಅತ್ಳು. ಮರುದಿನ ನಮ್ಮ ಓಣ್ಯಾಗ ಪೊಲೀಸ್ರು ಅಕಿ ಬಗ್ಗೆ ಕೇಳಕೋತ ಬಂದಿದ್ರು."

"ಬರ್ದಿಟ್ರಾ?"

"ಬರ್ದೆ. ಜುನೈದಂದು ಎರಡೇ ಪುಟ ಆಯ್ತು, ಅಂವ ದೊಡ್ಡಾವ. ಹಾರಿಸಂದು ಮುಗೀಲೇ ಇಲ್ರಿ. ಅಂವಗ ಐದು ವರ್ಷ. ಬಸ್ ಬಂತು, ಅರ್ಧಕ್ಕ ಬಿಟ್ಟೆ."

ಒಳಗಿನ ಬಾಗಿಲಲ್ಲಿ ಅಫ್ರಾ ಬಂದು ನಿಂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ರಾಬಿಯಾ ವಹಿಯ ಮೊದಲ ಪುಟ ಓದಿ ಎದ್ದಳು. ತೊಗರಿಬೇಳೆಗೆ ಬೆಳ್ಳುಳ್ಳಿಯ ಒಗ್ಗರಣೆ ಹಾಕಿ, ಅನ್ನ ಮೆತ್ತಗೆ ಕಲಸಿ ತಟ್ಟೆ ಹಿಡಿದು ಬಂದಳು. ಹುಡುಗಿಯ ಮುಂದೆ ಕೂತು ಒಂದು ತುತ್ತು ಎತ್ತಿದಳು.

"ಬಾ ಬೇಟಾ. ನಾ ನಿನ್ನ ಫುಪ್ಪಿ. ನಿಮ್ಮಪ್ಪನ ತಂಗಿ."

ಅಫ್ರಾ ಬಾಯಿ ತೆರೆಯಲಿಲ್ಲ. "ನಮ್ಮಮ್ಮಿ ಈಗ ನಿಮ್ಮ ಮನ್ಯಾಗ ಇದ್ದಾಳಾ?"

"ಹೌದು."

"ನಿಮ್ಮ ಹುಡುಗ್ರಿಗಿ ಉಣಸ್ಯಾಳಾ?"

"ಉಣಸಿರ್ತಾಳ."

"ಹ್ಯಾಂಗ ಗೊತ್ತು? ಫೋನ್ ಮಾಡಿ ಕೇಳ್ರಿ. ಅಮ್ಮಿ ಅವ್ರಿಗಿ ಉಣಸಿದ್ರನೇ ನಾ ಉಣ್ತೀನಿ."

ರಾಬಿಯಾ ಮಹಾನಂದಾಳ ಕಡೆ ನೋಡಿದಳು. ಮಹಾನಂದಾ ಆಗದೆಂದು ತಲೆಯಾಡಿಸಿದಳು. ಫೋನು ಹೋಗುವುದಿಲ್ಲ, ಪತ್ರ ಹೋಗುವುದಿಲ್ಲ, ಈಗ ತಿಂಗಳಿಗೊಮ್ಮೆ ಅಂಕಿ ಓದುವವರೂ ಇಲ್ಲ. ಕಲಸಿದ ಅನ್ನ ಆರುತ್ತ ಬಂತು. ಎತ್ತಿದ ತುತ್ತು ಹಿಡಿದುಕೊಂಡೇ ರಾಬಿಯಾ ಕೂತಿದ್ದಳು.

ಬಹಳ ಹೊತ್ತಾದ ಮೇಲೆ, ಹಸಿವು ತಡೆಯಲಾಗದೆ, ಅಫ್ರಾ ಬಂದು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಅತ್ತೆಯ ಕೈ ನೋಡದೆ, ತಾನೇ ತುತ್ತು ಮಾಡಿಕೊಂಡು ತಿನ್ನತೊಡಗಿದಳು.

ರಾಬಿಯಾ ಕೈಯಲ್ಲಿದ್ದ ತುತ್ತನ್ನು ತಿರುಗಿ ತಟ್ಟೆಗೆ ಹಾಕಲಿಲ್ಲ. ಗಡಿ ದಾಟಿದಾಗಿನಿಂದ ಅವಳೂ ಏನೂ ತಿಂದಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಆ ತಣ್ಣಗಾದ ಅನ್ನವನ್ನು ತನ್ನ ಬಾಯಿಗೇ ಇಟ್ಟುಕೊಂಡಳು.